ಮಾಳಿಗೆ ಮನೆಯ ಆಸೆ

ನಿವೃತ್ತಿ ಹತ್ತಿರ ಬಂದ ಹುಬ್ಬಳ್ಳಿಯವರಿಗೆ ಒಂದು ಆಸೆ ಗಂಟುಬೀಳುತ್ತದೆ. ಅಣ್ಣಿಗೇರಿ, ನವಲಗುಂದದ ಕಡೆ ಯಾವುದಾದರೂ ಹಳ್ಳಿಯಲ್ಲಿ ಮಣ್ಣಿನ ಚಾವಣಿಯ ಹಳೇ ಮಾಳಿಗೆ ಮನೆ ತಗೊಂಡು ರಿಪೇರಿ ಮಾಡಿಸಬೇಕು, ಪಡಸಾಲೆಯಲ್ಲಿ ತಣ್ಣಗೆ ಕೂರಬೇಕು. ನನಗೂ ಆ ಆಸೆ ಇದೆ.

ಮನೆ ನೋಡಲು ಹೋದರೆ ಊರವರು ಮೊದಲು ಕೇಳೋದು, "ಕಟ್ಟಿಗಿಗೆ ತಗೋತೀರೇನ್ರಿ?" ಸಾಗವಾನಿ ಕಂಬ, ಕೆತ್ತನೆಯ ಬಾಗಿಲು ಕಿತ್ತು ಮಾರುವವರನ್ನೇ ಅವರು ನೋಡಿದ್ದಾರೆ. "ಇಲ್ಲ, ಇರೋಕೆ" ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಅವರ ಅನುಮಾನ ಸುಮ್ನೆ ಅಲ್ಲ. ಮಾಳಿಗೆ ಅಂದರೆ ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ದಪ್ಪಗೆ ಮಣ್ಣು. ಎಲ್ಲಕ್ಕೂ ಮೇಲೆ ಸವಳು, ಅಂದರೆ ಉಪ್ಪು-ಕ್ಷಾರದ ಮಣ್ಣು. ನೀರು ಬಿದ್ದರೆ ಈ ಮಣ್ಣು ಅಂಟಾಗಿ ಸಂದಿಯೆಲ್ಲ ಮುಚ್ಚಿಕೊಳ್ಳುತ್ತದೆ, ಹನಿ ಕೆಳಗಿಳಿಯಲು ಬಿಡುವುದಿಲ್ಲ. ಹೊಲದಲ್ಲಿ ಯಾರಿಗೂ ಬೇಡದ್ದು, ಮಾಳಿಗೆಗೆ ಅದೇ ಬೇಕು. ಆದರೆ ಮುಂಗಾರಿಗೆ ಮೊದಲು ಹುಲ್ಲು ಕಿತ್ತು ಹೊಸ ಸವಳು ಹರಡಬೇಕು. ರಾತ್ರಿ ಸೋರಿದರೆ ಏಣಿ ಹತ್ತಿ ಅಲ್ಲಿ ತುಳಿದು ಬರಬೇಕು. ಒಲೆಯ ಹೊಗೆ ಜಂತಿಗೆ ಕಪ್ಪು ಹತ್ತಿಸಿ ಹುಳವನ್ನು ದೂರ ಇಡುತ್ತಿತ್ತು. ಗ್ಯಾಸ್ ಬಂತು, ಹುಳಕ್ಕೆ ಸುಗ್ಗಿ. ಶನಿವಾರ ಬಂದು ಭಾನುವಾರ ಸಂಜೆ ಗಾಡಿ ಹತ್ತುವವರ ಮಾಳಿಗೆ ಎಷ್ಟು ಮಳೆ ತಡೆದೀತು?

ಕೆಳಗಡೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಜೊತೆಗೆ ಗೋಡೆಯೂ ಬಿರಿಯುತ್ತದೆ. ಅಲ್ಲಿಗೆ ಸಿಮೆಂಟ್ ಮೆತ್ತುವವರೇ ಜಾಸ್ತಿ. ಮಣ್ಣಿನ ಗೋಡೆಯ ಪಸೆ ಹೊರಗೆ ಹೋಗಲು ದಾರಿ ಇಲ್ಲದೆ, ಗಿಲಾವು ಹಪ್ಪಳದ ಹಾಗೆ ಎದ್ದು ಬರುತ್ತದೆ. ಮಣ್ಣು ಮೆತ್ತಿ ಸುಣ್ಣ ಬಳಿಯಿರಿ ಅಂದರೆ ಗೌಂಡಿಗೆ ನಗು.

ಇನ್ನು ಕಾಗದ. ಮನೆ ತೋರಿಸುವವರು ಮೊಮ್ಮಗ, ದಾಖಲೆಯಲ್ಲಿ ಇನ್ನೂ ಅಜ್ಜನ ಹೆಸರು. ವಾಟ್ನಿ, ಅಂದರೆ ಆಸ್ತಿಯ ಪಾಲು, ಬಾಯಿಮಾತಿನಲ್ಲಿ ಆಗಿರುತ್ತದೆ: ಪಡಸಾಲೆ ಅಣ್ಣನಿಗೆ, ಅಡುಗೆಮನೆ ತಮ್ಮನಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ಆಗಬೇಕಾದದ್ದೇ ಬಿಡಿ. ಹಾಗಾಗಿ ಪುಣೆಯಲ್ಲಿರುವ ಅಕ್ಕನ ಸಹಿಯೂ ಬೇಕು. ಪಂಚಾಯ್ತಿಯ ಇ-ಸ್ವತ್ತು, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ಕೈಗೆ ಬರದೆ ಮುಂಗಡ ಕೊಡೋದು ನನ್ನ ಪ್ರಕಾರ ಹುಚ್ಚುತನ.

ನಾನಾದರೆ ಮನೆಗಿಂತ ಮೊದಲು ಮಾಳಿಗೆ ಹತ್ತುವ ಆಳನ್ನು ಹುಡುಕುತ್ತೇನೆ. ಒಂದೂರಲ್ಲಿ ಆ ಕೆಲಸ ಬಲ್ಲ ಹಿರಿಯರೊಬ್ಬರು ಸಿಕ್ಕರು. "ಮೊಣಕಾಲು ಹೋಗ್ಯಾವ್ರಿ, ಮಗಾ ಬೆಂಗಳೂರಾಗ ಅದಾನ" ಅಂದರು. ಮಗ ಅಲ್ಲಿ ಏನು ಮಾಡ್ತಾನೆ ಅಂದೆ. "ಸ್ಲ್ಯಾಬ್ ಹಾಕ್ತಾನ್ರಿ."