ಕುದುರೆ ಎಷ್ಟಕ್ಕ ಹೋಯ್ತು?

ದಿನಾ ಬೆಳಿಗ್ಗೆ ಆರೂವರೆಗೆ ಮಂಗಳೂರಿನಿಂದ ಒಂದು ಫೋಟೊ ಬರುತ್ತದೆ. ಅಕ್ಕನ ಮಗ ಕಳಿಸುವುದು. ಒಂದು ದಿನ ಪಣಂಬೂರಿನ ಹಡಗು, ಇನ್ನೊಂದು ದಿನ ದಕ್ಕೆಯಲ್ಲಿ ರಾಶಿ ಬಿದ್ದ ಬಂಗುಡೆ. ಕೆಳಗೆ ಅದೇ ಸಾಲು: 'ಮಾಮಾ, ನಿಮ್ಮ ಬೀದರದಾಗ ಏನದ ರೀ?' ಆ ಹೊತ್ತಿಗೆ ನಾನು ಕೂಲರಿಗೆ ಕೊಡದಿಂದ ನೀರು ಸುರಿಯುತ್ತಿರುತ್ತೇನೆ. ಕೆಲಸ ಸಿಕ್ಕು ಎಂಟು ತಿಂಗಳಾಗಿಲ್ಲ, ಆಗಲೇ 'ನಿಮ್ಮ' ಬೀದರ ಅಂತೆ!

ನಮ್ಮಲ್ಲಿ ಏನಿದೆ? ಒಂದು ಕುದುರೆ ಬಂದಿತ್ತು, ಸ್ವಾಮಿ.

ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ನಲ್ಲಿ ಹಡಗು ಹತ್ತಿ, ಕುದುರೆ ಸಮೇತ ಕೊಂಕಣ ಕರಾವಳಿಯ ಚೌಲ್ ಬಂದರಿನಲ್ಲಿ ಇಳಿದ. ಅದಕ್ಕೆ 100 ರೂಬಲ್ ಸುರಿದಿದ್ದ. ಜುನ್ನರ್‌ಗೆ ಬರುತ್ತಲೇ ಅಲ್ಲಿನ ಖಾನ ಕುದುರೆ ಕಿತ್ತುಕೊಂಡ. ಮತ ಬದಲಿಸು, ಕುದುರೆಯ ಜೊತೆ ಸಾವಿರ ಹೊನ್ನನ್ನೂ ಕೊಡ್ತೀನಿ ಅಂತ ನಾಲ್ಕು ದಿನದ ಗಡುವು. ಪುಣ್ಯಕ್ಕೆ ಒಬ್ಬ ಖುರಾಸಾನಿ ಖಜಾಂಚಿ ನಡುವೆ ಬಂದು ಬಿಡಿಸಿಕೊಟ್ಟ. ಕೊನೆಗೆ ಕುದುರೆ ಮಾರಿದ್ದು ನಮ್ಮ ಬೀದರಿನಲ್ಲಿ. ಒಂದು ವರ್ಷ ಸಾಕಿದೆ, 68 ಫುತುನ್ (ಆಗಿನ ನಾಣ್ಯ) ಖರ್ಚಾಯಿತು ಅಂತ ಲೆಕ್ಕವನ್ನೂ ಬರೆದಿಟ್ಟ. ಈ ದೇಶದವರು ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಬೆಣ್ಣೆ ಬೆರೆಸಿ ಕಿಚಡಿ ತಿನ್ನಿಸುತ್ತಾರೆ ಅಂತಲೂ ಬರೆದ. ನಮ್ಮ ಮನೆಯಲ್ಲಿ ನಾನು ಕಿಚಡಿಗೆ ಒಂದು ಚಮಚ ತುಪ್ಪ ಕೇಳಿದರೆ ರಕ್ತಪರೀಕ್ಷೆಯ ರಿಪೋರ್ಟ್ ಎದುರಿಗೆ ಬರುತ್ತದೆ. ಬೀದರಿನ ಬೀದಿಯಲ್ಲಿ ಎರಡು ಮಾರು ಉದ್ದದ ಹಾವು ಓಡಾಡುತ್ತವೆ ಅಂತಲೂ ಬರೆದಿದ್ದಾನೆ. ಆ ಸಾಲು ಅಳಿಯನ ಕೈಗೆ ಸಿಗದಿದ್ದರೆ ಸಾಕು.

ಇವನೊಬ್ಬನೇ ಅಲ್ಲ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಇರಾನಿನ ಗಿಲಾನ್‌ನವನು, ಅದೇ ಕೊಂಕಣದ ದಾಭೋಳ್ ಬಂದರಿನಲ್ಲಿ ಇಳಿದವನು. ಇಳಿದು ಅಲ್ಲೇ ಸಮುದ್ರ ನೋಡುತ್ತಾ ಕೂತನೇ? ಗಂಟುಮೂಟೆ ಕಟ್ಟಿ ಘಟ್ಟ ಹತ್ತಿದ. ಬಂದರು ಅಂದರೆ ಹೆಚ್ಚೆಂದರೆ ಇಳಿಯುವ ಜಾಗ, ನಮ್ಮ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಬಸ್ ಸ್ಟ್ಯಾಂಡಿನ ಫೋಟೊ ಯಾರಾದರೂ ದಿನಾ ಕಳಿಸುತ್ತಾರಾ? ಆ ಚೌಲ್, ದಾಭೋಳ್ ಈಗ ಸಣ್ಣ ಊರುಗಳು. ಇದನ್ನು ಸ್ವಲ್ಪ ಖುಷಿಯಿಂದಲೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಇಷ್ಟನ್ನೂ ಒಂದೇ ಬೆರಳಲ್ಲಿ ಕುಟ್ಟಿ, ಅರ್ಧ ಗಂಟೆ ಕಳೆದು ಅಳಿಯನಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: 'ಮಾಮಾ, ಕುದುರೆ ಎಷ್ಟಕ್ಕ ಹೋಯ್ತು?'

ಆ ಪುಣ್ಯಾತ್ಮ ಅದೊಂದನ್ನೇ ಬರೆದಿಟ್ಟಿಲ್ಲ. ಅಷ್ಟರಲ್ಲಿ ಕೂಲರ್ ನೀರೂ ಖಾಲಿ.