ವಯರ್ ಅಡಗಲಿ, ಪ್ಲಗ್ ಅಡಗಬಾರದು

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಹೊಸ ಮನೆಯ ಒಕ್ಕಲಿಗೆ ಹೋದರೆ ಯಜಮಾನರು ಮೊದಲು ತೋರಿಸುವುದು ಟಿವಿ ಗೋಡೆಯನ್ನು. "ಒಂದು ವಯರ್ ಆದ್ರೂ ಕಾಣ್ತದಾ ನೋಡಿ" ಅಂತ ಹೆಮ್ಮೆ ಬೇರೆ. ನಾನು ಮಾತ್ರ ಪ್ಲಗ್ ಎಲ್ಲಿದೆ ಅಂತ ಹುಡುಕುತ್ತೇನೆ.

ಎರಡು ವರ್ಷದ ಹಿಂದೆ ನಾವೂ ಹಾಗೇ ಮಾಡಿಸಿದ್ದೆವು. ಟಿವಿ, ಆಂಪ್ಲಿಫೈಯರ್, ಸಬ್‌ವೂಫರ್, ಎಲ್ಲದರ ಪ್ಲಗ್ಗೂ ಪ್ಲೈವುಡ್ ಪ್ಯಾನೆಲ್ ಹಿಂದೆ. ಆಮೇಲೆ ತುಲಾ ತಿಂಗಳು (ಅಕ್ಟೋಬರ್-ನವೆಂಬರ್) ಬಂತು. ನಮ್ಮ ತುಲಾ ತಿಂಗಳು ಗೊತ್ತಲ್ಲ, ಮಧ್ಯಾಹ್ನ ಸುಡು ಬಿಸಿಲು, ನಾಲ್ಕು ಗಂಟೆಗೆ ಘಟ್ಟದ ಕಡೆಯಿಂದ ಕಪ್ಪು ಮೋಡ. ಮೊದಲ ಗುಡುಗಿಗೇ ಅಮ್ಮ ಅಡುಗೆಮನೆಯಿಂದ "ಪ್ಲಗ್ ತೆಗಿ, ಪ್ಲಗ್ ತೆಗಿ" ಅಂತ ಕೂಗಿದರು. ತೆಗೆಯುವುದು ಹೇಗೆ? ಪ್ಯಾನೆಲ್‌ಗೆ ಎಂಟು ಸ್ಕ್ರೂ! ಸ್ವಿಚ್ ಆಫ್ ಮಾಡಿ ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ. ಆಂಪ್ಲಿಫೈಯರ್ ಹೋಯಿತು.

ಸ್ವಿಚ್ ಕಡಿಯುವುದು ಫೇಸ್, ಅಂದರೆ ಕರೆಂಟ್ ಬರುವ ವಯರ್ ಒಂದನ್ನೇ. ಸಿಡಿಲಿನ ಹೊಡೆತ ಒಳಗೆ ಬರಲು ನ್ಯೂಟ್ರಲ್, ಅರ್ತ್ ವಯರ್‌ಗಳ ದಾರಿ ಹಾಗೇ ಇರುತ್ತದೆ. ಮಾಡಿನ ಮೇಲಿನ ಡಿಶ್‌ನಿಂದ ಬರುವ ಕೇಬಲ್ ಕೂಡ ಸೆಟ್‌ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐ (ಚಿತ್ರ, ಧ್ವನಿ ಸಾಗಿಸುವ ಕೇಬಲ್) ಮೂಲಕ ಆಂಪ್ಲಿಫೈಯರ್‌ವರೆಗೆ ದಾರಿ ಮಾಡಿಕೊಟ್ಟಿರುತ್ತದೆ. ಅದನ್ನೂ ಕಳಚಬೇಕು.

ಎರಡನೇ ಸಲ ವಯರಿಂಗ್ ಮಾಡಿಸುವಾಗ ಎಲೆಕ್ಟ್ರಿಷಿಯನ್ ಗೋಡೆ ತಟ್ಟಿ ನೋಡಿ, "ಅಣ್ಣಾ, ಇದು ಕೆಂಪುಕಲ್ಲು, ಕೊರೆದ್ರೆ ಹುಡಿ ಹುಡಿ ಬೀಳ್ತದೆ" ಅಂದ. ನೆಲ ಅಜ್ಜನ ಕಾಲದ ಕಾವಿ. ಅದನ್ನು ಅಗೆಯಲು ಅಪ್ಪ ಬಿಡಲಿಲ್ಲ, ನನಗೂ ಮನಸ್ಸಿರಲಿಲ್ಲ. ಉಳಿದ ದಾರಿ ಮರದ ಮುಚ್ಚಿಗೆಯ ಮೇಲೆ. ಕೋಣೆಯ ಹಿಂಬದಿಯ ಎರಡು ಸ್ಪೀಕರ್‌ಗಳಿಗೆ 16 ಗೇಜ್ ವಯರ್ ಅಲ್ಲಿಂದಲೇ ಹೋಗಿದೆ. ಆದರೆ ಬರೀ ವಯರ್ ಎಳೆದು ಬಿಡಬೇಡಿ. ಅಡಿಕೆ ರಾಶಿ ಹಾಕುವ ಮನೆಯ ಅಟ್ಟದಲ್ಲಿ ಇಲಿಗೆ ಬರವೇ? ಪಿವಿಸಿ ಪೈಪಿನೊಳಗೆ ಹಾಕಿ, ಎರಡೂ ಬಾಯಿ ಮುಚ್ಚಿ.

ಪೈಪ್ ಮುಕ್ಕಾಲು ಇಂಚಿನದು ಸಾಲದು. ಎಚ್‌ಡಿಎಂಐ ತಲೆಯ ಲೋಹದ ಭಾಗವೇ ಸುಮಾರು 14 ಮಿಲಿಮೀಟರ್ ಅಗಲ, ಮೇಲೆ ಪ್ಲಾಸ್ಟಿಕ್ ಹಿಡಿ ಬೇರೆ. ನಮ್ಮದು ತಿರುವಿನಲ್ಲಿ ಸಿಕ್ಕಿಬಿದ್ದು ಅರ್ಧ ದಿನ ಹಾಳಾಯಿತು. ಒಂದೂವರೆ ಇಂಚು ಹಾಕಿಸಿ, ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ. ಮುಂದೆ ಹೊಸ ಕೇಬಲ್ ಬಂದಾಗ ಕಟ್ಟಿ ಎಳೆದರೆ ಆಯಿತು. ಕರೆಂಟ್ ವಯರ್‌ಗೆ ಬೇರೆಯೇ ಪೈಪ್. ಜೊತೆಜೊತೆಗೆ ಓಡಿಸಿದರೆ ಸಬ್‌ವೂಫರ್ ಗುಂಯ್ ಅನ್ನುವ ಸಾಧ್ಯತೆ ಉಂಟು.

"ವಯರ್‌ಲೆಸ್ ತಗೊಳ್ಳಿ ಮಾವ, ರಗಳೆಯೇ ಇಲ್ಲ" ಅಂದ ಅಳಿಯ. ತಗೊಳ್ಳಬಹುದಿತ್ತು. ಆದರೆ ಅಂಥ ಬಹುತೇಕ ಸ್ಪೀಕರ್‌ಗಳಿಗೂ ಕರೆಂಟ್ ಬೇಕಲ್ವಾ? ಗುಡುಗು ಬಂದಾಗ ಕೀಳಬೇಕಾದ ಪ್ಲಗ್ ಜಾಸ್ತಿ ಆಗುತ್ತದೆ, ಅಷ್ಟೇ.

ಈಗ ಎಲ್ಲ ಸೇರಿ ಒಂದೇ ದೊಡ್ಡ ಪ್ಲಗ್. ಚಾವಡಿಯ ಬಾಗಿಲ ಪಕ್ಕ, ಅಮ್ಮನ ಕೈಗೆ ಎಟಕುವ ಎತ್ತರದಲ್ಲಿ. ಅದರ ಬುಡದಲ್ಲೇ ಡಿಶ್ ಕೇಬಲಿನ ಜೋಡಣೆ. ಚೆಂದ ಕಾಣುವುದಿಲ್ಲ ಅಂತ ಹೆಂಡತಿ ಅದರ ಮೇಲೆ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ನೇತು ಹಾಕಿದ್ದಾಳೆ. ಗುಡುಗು ಕೇಳಿದರೆ ಅಮ್ಮ ಕ್ಯಾಲೆಂಡರ್ ಎತ್ತಿ ಎರಡನ್ನೂ ಕಿತ್ತುಬಿಡುತ್ತಾರೆ. ಕ್ರಿಕೆಟ್‌ನ ಕೊನೆಯ ಓವರ್ ಆದರೂ ಸರಿ, ಕೇಳುವುದಿಲ್ಲ.