ಆಮೆಗೆ ವಯಸ್ಸು ಬಳಿದ ಕಥೆ

ನಮ್ಮ ಮನೆಗಳಲ್ಲಿ ಯಾವುದಾದರೂ ವಸ್ತು ಹಳೆಯದಾಗಿ ಕಂಡರೆ ಮೊದಲು ತಿಕ್ಕಿ ತೊಳೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಗುಜರಿಗೆ ಹಾಕುತ್ತಾರೆ. ಇಂಥ ಜನರ ನಡುವೆ ಕೂತು, ಹೊಚ್ಚ ಹೊಸ ಸಿಮೆಂಟ್ ಆಮೆಯನ್ನು ಕಷ್ಟಪಟ್ಟು ಹಳೆಯದು ಮಾಡಲು ಹೊರಟರೆ ಯಾರ ಸಹಕಾರವೂ ಸಿಗುವುದಿಲ್ಲ.

ತೋಟ ಅಂತ ಹೇಳಿಕೊಳ್ಳುವಷ್ಟು ಜಾಗವೇನೂ ನಮಗಿಲ್ಲ. ಸಂಪಿಗೂ ಕಾಂಪೌಂಡ್ ಗೋಡೆಗೂ ನಡುವೆ ಒಂದು ಪಟ್ಟಿ ಮಣ್ಣು. ಅದರಲ್ಲಿ ದಾಸವಾಳ, ಕರಿಬೇವು, ಯಾರೋ ಕೊಟ್ಟ ಫರ್ನ್. ಆ ಫರ್ನ್ ಕೆಳಗೊಂದು ಕಲ್ಲಿನ ಆಮೆ ಇದ್ದರೆ ಎಷ್ಟು ಚೆನ್ನ ಅನ್ನಿಸಿತು. ಕಲ್ಲು ಕೆತ್ತುವವರ ಊರು ಶಿವಾರಪಟ್ಟಣ ಪಕ್ಕದ ಕೋಲಾರ ಜಿಲ್ಲೆಯಲ್ಲೇ ಇದೆ. ಊರು ಹತ್ತಿರ, ಬೆಲೆ ದೂರ. ಹಾಗಾಗಿ ರಸ್ತೆ ಬದಿಯ ನರ್ಸರಿಯಲ್ಲಿ ಚೌಕಾಸಿ ಮಾಡಿ ಸಿಮೆಂಟಿನ ಆಮೆ, ಮಣ್ಣಿನ ಕಪ್ಪೆ, ಪ್ಲಾಸ್ಟರ್ ಆಫ್ ಪ್ಯಾರಿಸ್ ಹಂಸ ಮೂರನ್ನೂ ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ಆಮೆಗೆ ಗಿಳಿಹಸಿರು ಮೈ, ಕೆಂಪು ತುಟಿ. ಕಪ್ಪೆಗೆ ಕಾಡಿಗೆ. ಮೂರೂ ರಿಸೆಪ್ಷನ್‌ಗೆ ಹೊರಟು ನಿಂತ ಹಾಗಿದ್ದವು. (ನೀವು ತರುವುದಾದರೆ ಬೆಂಗಳೂರಿನ ಕುಂಬಾರರ ಬೀದಿ ಪಾಟರಿ ಟೌನ್ ಕಡೆ ಹೋಗಿ ಬಣ್ಣ ಹಚ್ಚದ ಮಣ್ಣಿನದನ್ನೇ ತನ್ನಿ. ಆ ತುಟಿ ಕೆರೆದು ತೆಗೆಯುವಷ್ಟರಲ್ಲಿ ನನ್ನ ಉಗುರು ಹೋಗಿತ್ತು.)

ಕಲ್ಲಿನ ಬಣ್ಣ ಅಂದರೆ ಬೂದು ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಲಾಲ್‌ಬಾಗ್ ಬಂಡೆಯ ಮುಂದೆ ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಹಿಡಿದರೆ ಆ ಭ್ರಮೆ ಬಿಡುತ್ತದೆ. ಸುಮಾರು 300 ಕೋಟಿ ವರ್ಷದ ಬಂಡೆ ಅದು. ಒಂದು ಕಡೆ ನಸುಗೆಂಪು, ಒಂದು ಕಡೆ ಬಿಳಿ ಪಟ್ಟೆ, ಮಳೆನೀರು ಇಳಿಯುವ ದಾರಿಯಲ್ಲಿ ಕಪ್ಪು ಗೀರು, ಬಿರುಕಿನ ಹತ್ತಿರ ತುಕ್ಕಿನ ಬಣ್ಣ. ನಾನು ಕುಕ್ಕರಗಾಲಲ್ಲಿ ಕೂತು ಕಾರ್ಡನ್ನು ಬಂಡೆಗೆ ಒತ್ತಿ ನೋಡುತ್ತಿದ್ದೆ. ವಾಕಿಂಗ್ ಬಂದ ಹಿರಿಯರೊಬ್ಬರು ನಿಂತರು. "ಬಂಡೆಗೂ ಪೇಂಟ್ ಹೊಡೀತಾರೇನಮ್ಮಾ ಈಗ? ಟೆಂಡರ್ ಆಗೋಯ್ತಾ?" ಅಂದರು. ಇಲ್ಲ ಸಾರ್ ಅಂದರೂ ನಂಬಲಿಲ್ಲ. ಸ್ವಲ್ಪ ದೂರ ಹೋಗಿ ಫೋನ್ ತೆಗೆದು ನನ್ನದೊಂದು ಫೋಟೋ ಹಿಡಿದರು.

ಅಂಗಡಿಯಲ್ಲಿ ಇನ್ನೊಂದು ರಾಮಾಯಣ.

"ಕಲ್ಲಿನ ಬಣ್ಣ ಬೇಕಿತ್ತು."

"ಎಂಥಾ ಕಲ್ಲು ಮೇಡಂ?"

"ಮಳೆಗೆ ನೆಂದು ನೆಂದು ಪಾಚಿ ಕಟ್ಟಿರತ್ತಲ್ಲ, ಅಂಥದ್ದು."

"ಪಾಚಿ ಕಟ್ಟದೇ ಇರೋ ಪೇಂಟ್ ಇದೆ ಮೇಡಂ. ವಾರಂಟಿ ಕೊಡ್ತಾರೆ."

"ನಂಗೆ ಕಟ್ಟಿರೋದೇ ಬೇಕು."

ಅವರು ಪಾಪ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಹೊರಗೋಡೆಗೆ ಹಚ್ಚುವ ಬಿಳಿ ಎಮಲ್ಷನ್ ಚಿಕ್ಕ ಡಬ್ಬಿ ಒಂದು, ಅದಕ್ಕೆ ಬೆರೆಸುವ ಕಪ್ಪು, ಕಂದು, ಹಳದಿ ಸ್ಟೇನರ್ ಬಾಟಲಿಗಳು, ಮ್ಯಾಟ್ ವಾರ್ನಿಷ್ ಎಲ್ಲ ಕಟ್ಟಿಕೊಟ್ಟು, "ಮಿಕ್ಸ್ ಮಾಡ್ಕೊಳಿ, ಹೆಂಗ್ ಬಂದ್ರೂ ನಿಮ್ಗೆ ಸರಿಹೋಗತ್ತೆ" ಅಂದರು. ಇಷ್ಟು ಸರಿಯಾದ ಸಲಹೆ ನನಗೆ ಬೇರೆ ಯಾರೂ ಕೊಟ್ಟಿಲ್ಲ.

ಕೆಲಸದ ಗುಟ್ಟು ಇಷ್ಟೇ. ನಿಜವಾದ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ದೂಳು ಸೇರಿ, ಪಾಚಿ ಹಿಡಿದು ಕಪ್ಪಾಗುತ್ತದೆ. ಉಬ್ಬಿದ ಭಾಗ ಗಾಳಿ, ಮಳೆ, ಕೈ ಕಾಲು ತಾಗಿ ಸವೆದು ತಿಳಿಯಾಗುತ್ತದೆ. ನಾವು ಅದನ್ನೇ ಬ್ರಷ್ಷಿನಲ್ಲಿ ಮಾಡಬೇಕು. ಮೊದಲು ಪ್ರೈಮರ್, ಅದರ ಮೇಲೆ ಗಾಢ ಬೂದು. ಒಣಗಿದ ಮೇಲೆ ಕಂದು ಬಣ್ಣವನ್ನು ಸಾರಿನ ತಿಳಿಯಷ್ಟು ತೆಳ್ಳಗೆ ಮಾಡಿ ಮೈಗೆಲ್ಲ ಸುರಿದು, ಒಣಗುವ ಮುಂಚೆ ಹಳೇ ಬನಿಯನ್ನಿನಲ್ಲಿ ಒರೆಸಬೇಕು. ಮೇಲಿನದು ಹೋಗುತ್ತದೆ, ಸಂದಿಯದು ಉಳಿಯುತ್ತದೆ. ಆಮೆ ಚಿಪ್ಪಿನ ಗೆರೆಗಳಲ್ಲಿ ಆ ಕಂದು ನೀರು ನಿಧಾನಕ್ಕೆ ಹರಿದು ಮೂಲೆಯಲ್ಲಿ ನಿಲ್ಲುವುದನ್ನು ನೋಡಬೇಕು. ಒಲೆಯ ಮೇಲೆ ಹಾಲಿಟ್ಟಿದ್ದು ಮರೆತುಹೋಗುತ್ತದೆ. ನನಗೆ ಮರೆತೇ ಹೋಯಿತು. ಕೊನೆಗೆ, ಒಣ ಬ್ರಷ್ಷಿಗೆ ತಿಳಿ ಬೂದು ಬಣ್ಣ ಸೋಕಿಸಿ, ಪೇಪರಿಗೆ ಉಜ್ಜಿ ಮುಕ್ಕಾಲು ಪಾಲು ತೆಗೆದು, ಉಬ್ಬುಗಳ ಮೇಲೆ ಮಾತ್ರ ಸವರಬೇಕು. ಇದ್ದಕ್ಕಿದ್ದ ಹಾಗೆ ಸಿಮೆಂಟು ಕಲ್ಲಾಗುತ್ತದೆ!

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಮ್ಮ ಸಾದರಹಳ್ಳಿ ಕಲ್ಲಿನಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ ಇರುತ್ತವಲ್ಲ, ಅದೂ ಬೇಕು ಅನ್ನಿಸಿತು. ಹಳೇ ಟೂತ್‌ಬ್ರಷ್ಷನ್ನು ಕಪ್ಪು ಬಣ್ಣದಲ್ಲಿ ಅದ್ದಿ ಹೆಬ್ಬೆರಳಲ್ಲಿ ಮೀಟಿದರೆ ಚುಕ್ಕೆ ಸಿಡಿಯುತ್ತವೆ. ಆಮೆಯ ಹಿಂದೆ ಒಣಗಲು ಹಾಕಿದ್ದ ಮಾವನವರ ಪಂಚೆಗೂ ಸಿಡಿದವು. ಎಮಲ್ಷನ್ ಒಣಗಿದ ಮೇಲೆ ಬಟ್ಟೆ ಬಿಡುವುದಿಲ್ಲ. ಮಾವ ಬೈಯಲಿಲ್ಲ. ಅದನ್ನೇ ಉಟ್ಟು ಸತ್ಯನಾರಾಯಣ ಪೂಜೆಗೆ ಹೋಗಿ ಬಂದು, "ಖಾದೀನಾ, ಎಲ್ಲಿ ತಗೊಂಡ್ರಿ ಅಂತ ಕೇಳಿದ್ರು ಕಣಮ್ಮ" ಅಂದರು. ಅವರಿಗೆ ಇದ್ದ ತಕರಾರು ಬೇರೆ. "ಹಿತ್ತಲಲ್ಲಿ ಒರಳುಕಲ್ಲು ಬಿದ್ದಿದೆ. ನಮ್ಮಮ್ಮ ರುಬ್ಬಿದ್ದು. ಕಲ್ಲೂ ಹೌದು, ಹಳೇದೂ ಹೌದು. ಅದನ್ನ ತಂದು ಇಡಬಹುದಲ್ಲ?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗಷ್ಟೇ ಬಣ್ಣ ಹೊಂದಿಸಲು ಆ ಒರಳನ್ನೇ ನೋಡಿಕೊಂಡು ಬಂದಿದ್ದೆ ಅಂತ ಹೇಳಲಿಲ್ಲ.

ಮೊಸರು ಹಚ್ಚಿದರೆ ನಿಜವಾದ ಪಾಚಿಯೇ ಬರುತ್ತದೆ ಅನ್ನೋ ಮಾತು ತೋಟದ ಮರುಳರ ನಡುವೆ ಓಡಾಡುತ್ತಿರುತ್ತದೆ. ಕಪ್ಪೆಗೆ ಹಚ್ಚಿದೆ. ಪಾಚಿಗಿಂತ ಮುಂಚೆ ಪಕ್ಕದ ಮನೆ ಬೆಕ್ಕು ಬಂತು. ಅದು ನೆಕ್ಕಿ ಬಿಟ್ಟಿದ್ದಕ್ಕೆ ಇರುವೆ ಸಾಲು. ಅತ್ತೆ ಮಾತ್ರ, "ಮೊಸರು ಸಾಲ್ದು ಅಂತ ಮಧ್ಯಾಹ್ನ ನಂಗೆ ಮಜ್ಜಿಗೆ ಕೊಟ್ಟೆ, ಇದಕ್ಕೆ ಗಟ್ಟಿ ಮೊಸರು" ಅಂತ ಇವತ್ತಿಗೂ ಹೇಳುತ್ತಾರೆ.

ಜೂನ್ ಮಳೆ ಉಳಿದ ಲೆಕ್ಕ ಮುಗಿಸಿತು. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ಕುಡಿಯುವ ಜಾತಿ, ಅದನ್ನು ಮನೆಯೊಳಗೇ ಇಡಬೇಕು. ಹಂಸದ ಕತ್ತು ಮೆತ್ತಗಾಗಿ ಒಂದು ಬೆಳಗ್ಗೆ ದಾಸವಾಳದ ಬುಡದಲ್ಲಿತ್ತು. ಮಣ್ಣಿನ ಕಪ್ಪೆಗೆ ನಾನು ಹೊರಗೆ ಮಾತ್ರ ಬಣ್ಣ ಹಚ್ಚಿ, ತಳ ಹಾಗೇ ಬಿಟ್ಟಿದ್ದೆ. ಅದು ತಳದಿಂದ ನೀರು ಹೀರಿ, ಬೆನ್ನ ಮೇಲೆಲ್ಲ ಬಣ್ಣ ಬೊಬ್ಬೆ ಎದ್ದು ಸುಲಿಯಿತು. ನಿಜವಾದ ಕಪ್ಪೆಗೆ ಅಷ್ಟು ಹತ್ತಿರ ಅದು ಯಾವತ್ತೂ ಬಂದಿರಲಿಲ್ಲ. ಇದೆಲ್ಲದರ ಪಕ್ಕದಲ್ಲಿ, ಯಾರೂ ಏನೂ ಹಚ್ಚದ ಕಾಂಪೌಂಡ್ ಗೋಡೆಯ ಮೇಲೆ ಹಸಿರು ಪಾಚಿ ಪುಕ್ಕಟೆಯಾಗಿ ಬೆಳೆದು ನಿಂತಿತ್ತು. ಅದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಬೇಕು ಅಂತ ಮನೆಯಲ್ಲಿ ತೀರ್ಮಾನವಾಯಿತು.

ಆ ತೀರ್ಮಾನವೇ ಆಮೆಗೆ ಮುಳುವಾಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಗೋಡೆ ತಿಕ್ಕಲು ಬಂದ ನಮ್ಮ ಕೆಲಸದಾಕೆ ಅದನ್ನೂ ಬಿಡಲಿಲ್ಲ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಸ್ಟೀಲ್ ನಾರು ಹಿಡಿದು ಬೆವರು ಒರೆಸಿಕೊಳ್ಳುತ್ತಿದ್ದಳು. "ಏನಕ್ಕಾ ಇದು, ಎಷ್ಟ್ ವರ್ಷದ ಪಾಚೀನೋ! ಎಷ್ಟ್ ತಿಕ್ಕಿದ್ರೂ ಬಿಡ್ತಾನೇ ಇಲ್ಲ!"

ನನ್ನ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ. ಬೈಯಲು ಬಾಯಿ ಬರಲಿಲ್ಲ. ಹತ್ತಿರ ಹೋಗಿ ನೋಡಿದರೆ ಉಬ್ಬಿದ ಕಡೆಯೆಲ್ಲ ಬಣ್ಣ ಸವೆದು, ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿತ್ತು. ನಾನು ಒಣ ಬ್ರಷ್ಷಿನಲ್ಲಿ ಸವರಿ ಸವರಿ ತರಲಾಗದ ಮುದಿತನವನ್ನು ಆಕೆ ಒಂದೇ ಮಧ್ಯಾಹ್ನದಲ್ಲಿ ತಂದಿದ್ದಳು.

ಅರಿಶಿನ ಕುಂಕುಮಕ್ಕೆ ಬಂದ ಎದುರು ಮನೆಯವರ ಕಣ್ಣು ನೇರ ಅದರ ಮೇಲೆ ಹೋಯಿತು. "ಕಲ್ಲಿನದಾ? ತುಂಬಾ ಹಳೇದಿರಬೇಕು ಅಲ್ವಾ?"

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಅಂದರು: "ನಮ್ಮ ಯಜಮಾನರ ತಾತನ ಕಾಲದ್ದು ಕಣ್ರೀ. ಊರಿಂದ ತಂದಿದ್ದು."

ಎದುರು ಮನೆಯವರು ಬಗ್ಗಿ, ಚಿಪ್ಪಿನ ಸಂದಿಯಲ್ಲಿ ಬೆರಳಾಡಿಸಿ, ಮೆಲ್ಲಗೆ ಹೇಳಿದರು: "ಹಬ್ಬಕ್ಕಾದ್ರೂ ಒಂಚೂರು ತೊಳೆಸಬಾರದಿತ್ತಾ?"